ಭಯ ಬಂದರೆ ಬೊಕ್ಕಸ, ಸಿಟ್ಟು ಬಂದರೆ ಬೀಗ

ಚೀನಾ, ಜಪಾನ್, ಕೊರಿಯಾ ದೇಶಗಳನ್ನು ಕುರಿತು ಡಾಕ್ಟರೇಟ್ ಪ್ರಬಂಧ ಬರೆಯುವ ವಿದ್ಯಾರ್ಥಿಗೆ ಸಾರ್ವಜನಿಕರ ಹಣ ಕೊಡಬೇಕೆ? ಗಿರಣಿಯಲ್ಲಿ ಪಾಳಿ ಮುಗಿಸಿ ಬಂದವರು, ಅಂಗಡಿಯ ಬಾಗಿಲು ಹಾಕಿ ಲೆಕ್ಕ ನೋಡುವವರು, “ಅದರಿಂದ ನಮಗೇನು?” ಎಂದು ಕೇಳುವುದು ಸಹಜವೇ. ಕೊಡಲೇಬೇಕೆಂದು ನಾವು ಹೇಳುತ್ತೇವೆ. ಆದರೆ ಇಂದು ಕೊಡುತ್ತಿರುವ ರೀತಿಯಲ್ಲಲ್ಲ.

ಅಮೆರಿಕದ ಉದಾಹರಣೆಯನ್ನೇ ನೋಡೋಣ. ಚೀನಾ, ಮಂಗೋಲಿಯಾಗಳನ್ನು ಬಲ್ಲವರಲ್ಲಿ ಓವೆನ್ ಲ್ಯಾಟಿಮೋರ್ ಅಗ್ರಗಣ್ಯರು. ೧೯೫೦ರಲ್ಲಿ ಸೆನೆಟರ್ ಮೆಕಾರ್ಥಿ ಅವರನ್ನು ರಷ್ಯದ ಗೂಢಚಾರನೆಂದು ಜರೆದ. ವಿಚಾರಣೆಗಳು, ಮೊಕದ್ದಮೆ ಎಲ್ಲ ನಡೆದು, ೧೯೫೫ರಲ್ಲಿ ಆರೋಪಗಳು ಬಿದ್ದುಹೋದವು. ಅಷ್ಟರಲ್ಲಿ ಬಲ್ಲವರೆಲ್ಲ ಬಾಯಿ ಕಟ್ಟಿಕೊಳ್ಳುವ ಪಾಠ ಕಲಿತಾಗಿತ್ತು.

೧೯೫೭ರ ಅಕ್ಟೋಬರಿನಲ್ಲಿ ರಷ್ಯನ್ನರ ಸ್ಪುಟ್ನಿಕ್ ಆಕಾಶಕ್ಕೇರಿತು. ವಾಷಿಂಗ್ಟನ್ನಿನ ಪ್ರಭುಗಳ ನಿದ್ದೆ ಹಾರಿತು. ೧೯೫೮ರಲ್ಲಿ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ ಬಂತು. ಹೆಸರನ್ನೇ ಗಮನಿಸಿ! ಶಿಕ್ಷಣಕ್ಕೆ ಸಿಪಾಯಿಯ ಅಂಗಿ ತೊಡಿಸದೆ ಖಜಾನೆ ತೆರೆಯಲಿಲ್ಲ. ಮೊದಲು ಆರಿಸಿದ ಆರು ಭಾಷೆಗಳಲ್ಲಿ ಚೀನೀ, ಜಪಾನೀ ಎರಡೂ ಇದ್ದವು. ನೆರವು ಪಡೆಯುವವರು ತಾವು ಸರ್ಕಾರವನ್ನು ಬಲಾತ್ಕಾರದಿಂದ ಉರುಳಿಸುವ ಸಂಸ್ಥೆಗಳವರಲ್ಲವೆಂದು ಪ್ರಮಾಣಪತ್ರ ಬರೆದುಕೊಡಬೇಕಿತ್ತು. ೧೯೬೨ರಲ್ಲಷ್ಟೇ ಆ ಷರತ್ತು ರದ್ದಾಯಿತು. ಬಲ್ಲವನನ್ನು ಅಟ್ಟಾಡಿಸಿದ ಎಂಟೇ ವರ್ಷಕ್ಕೆ, ಬಲ್ಲವರು ಬೇಕೆಂದು ಹಣ ಸುರಿದರು!

ಹಣ ಪಡೆದವರೆಲ್ಲ ಗುಲಾಮರಾದರೆಂದು ನಾವು ಹೇಳುವುದಿಲ್ಲ. ಅಂಥ ವಿಭಾಗಗಳ ವಿದ್ಯಾರ್ಥಿಗಳೂ ಯುವ ಅಧ್ಯಾಪಕರೂ ೧೯೬೮ರಲ್ಲಿ ತಮ್ಮದೇ ಸಂಘ ಕಟ್ಟಿ ವಿಯೆಟ್ನಾಮ್ ಯುದ್ಧವನ್ನು ವಿರೋಧಿಸಿದರು. ವಿದ್ಯೆಯ ಗುಣವೇ ಅದು. ಆಳುವವರಿಗೆ ಅದು ರುಚಿಸದು.

ಭಯದಿಂದ ತೆರೆದ ಬಾಗಿಲನ್ನು ಸಿಟ್ಟು ಮುಚ್ಚುತ್ತದೆ. ೧೯೬೧ರ ಫುಲ್‌ಬ್ರೈಟ್-ಹೇಸ್ ಕಾಯಿದೆಯ ಆಧಾರದ ಮೇಲೆ ಸಂಶೋಧನಾ ವಿದ್ಯಾರ್ಥಿಗಳು ಪರದೇಶದಲ್ಲಿ ಆರು ತಿಂಗಳಿಂದ ಒಂದು ವರ್ಷ ನೆಲೆಸಿ ಕಾಗದಪತ್ರ ಹುಡುಕುತ್ತಿದ್ದರು. ೨೦೨೦ರ ಜುಲೈಯಲ್ಲಿ ಟ್ರಂಪ್ ಆಜ್ಞೆಯಿಂದ ಚೀನಾ, ಹಾಂಗ್‌ಕಾಂಗ್‌ಗಳೊಡನೆ ಫುಲ್‌ಬ್ರೈಟ್ ವಿನಿಮಯ ನಿಂತಿತು. ೨೦೨೫ರಲ್ಲಿ ಪ್ರಬಂಧ ಸಂಶೋಧನೆಯ ಆ ಫುಲ್‌ಬ್ರೈಟ್-ಹೇಸ್ ನೆರವಿನ ಆಯ್ಕೆಯನ್ನೇ ಆ ವರ್ಷಕ್ಕೆ ರದ್ದುಮಾಡಿದರು. ಜಗಳ ಬೆಳೆದಾಗಲೇ ಎದುರಾಳಿಯನ್ನು ಅರಿಯುವ ದಾರಿಗೆ ಮುಳ್ಳು!

ಸರ್ಕಾರ ಕೈಬಿಟ್ಟರೆ ಉಳಿಯುವವರು ಯಾರು? ಜಪಾನ್ ಫೌಂಡೇಶನ್ ೧೯೭೨ರಿಂದ, ತೈವಾನಿನ ಚಿಯಾಂಗ್ ಚಿಂಗ್-ಕುವೊ ನಿಧಿ ೧೯೮೯ರಿಂದ, ಕೊರಿಯಾ ಫೌಂಡೇಶನ್ ೧೯೯೧ರಿಂದ ಇವೆ. ಅವು ಸತ್ಕಾರ್ಯ ಮಾಡಿರಬಹುದು. ಆದರೆ ಪರೀಕ್ಷಿಸಬೇಕಾದ ಮನೆಯ ಯಜಮಾನನೇ ಊಟ ಬಡಿಸಿದರೆ ಪರೀಕ್ಷಕನ ನಾಲಗೆ ಎಷ್ಟು ಹೊತ್ತು ನೇರವಾಗಿದ್ದೀತು?

ನಮ್ಮಲ್ಲೇನು ಕಡಿಮೆ? ಶಾಂತಿನಿಕೇತನದಲ್ಲಿ ೧೯೩೭ರಲ್ಲೇ ಚೀನಾ ಭವನ ತೆರೆದಿತ್ತು. ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಚೀನೀ ಅಧ್ಯಯನ ವಿಭಾಗ ತೆರೆಯಲು ಮಾತ್ರ ೧೯೬೨ರ ಗುಂಡಿನ ಸದ್ದು ಕೇಳಬೇಕಾಯಿತು. ೧೯೬೪ರಲ್ಲಿ ಅದು ಬಂದಾಗ ಅಮೆರಿಕದ ಫೋರ್ಡ್ ನಿಧಿ ಹಣ ನೀಡಿತು. ೨೦೧೫ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ವಿದ್ಯಾರ್ಥಿಗಳ ತಿಂಗಳ ೮,೦೦೦ ರೂಪಾಯಿಯನ್ನೂ ಕಿತ್ತುಕೊಳ್ಳಲು ಯು.ಜಿ.ಸಿ. ಹೊರಟಿತ್ತು. ವಿದ್ಯಾರ್ಥಿಗಳು ಅದರ ಕಚೇರಿಯ ಮುಂದೆ ಧರಣಿ ಕೂತಿದ್ದರಿಂದ ಅದು ಉಳಿಯಿತು.

“ನಮಗೇನು?” ಎಂದಿರಲ್ಲವೆ? ಚೀನಾದ ಅಗ್ಗದ ಕಚ್ಚಾ ರೇಷ್ಮೆ ಬಂದಾಗ ರಾಮನಗರ, ಶಿಡ್ಲಘಟ್ಟಗಳಲ್ಲಿ ಗೂಡಿನ ಬೆಲೆ ಬಿದ್ದದ್ದು ನಮಗೆ ಮರೆತಿಲ್ಲ. ಅಲ್ಲಿ ರೇಷ್ಮೆ ಅಗ್ಗವಾದದ್ದು ಹೇಗೆ, ಅಲ್ಲಿಯ ನೂಲುವವಳ ಕೂಲಿಯೆಷ್ಟು ಎಂಬುದನ್ನು ಆ ಭಾಷೆ ಬಲ್ಲವನು ಆ ಊರಿನಲ್ಲಿ ಕೂತು ಕೇಳಿದರೆ ತಾನೆ ತಿಳಿಯುವುದು? ಅರಿಯದೆ ಯುದ್ಧವಾದರೆ ಸಾಯುವುದೂ ಬಡವರ ಮಕ್ಕಳೇ.

ಮಾಲಿಗೆ ಬೇಡಿಕೆ ಬಂದ ದಿನ ನೇಕಾರನನ್ನು ತಯಾರಿಸಲಾದೀತೆ? ಚೀನೀ ಲಿಪಿ ಕಲಿಯಲು ವರ್ಷಗಳು ಬೇಕು. ದಫ್ತರಗಳಲ್ಲಿ ಕೂರಲು ಮತ್ತೂ ಒಂದು ವರ್ಷ ಬೇಕು. ನಡುವೆ ಹಣ ನಿಂತರೆ ಸಿರಿವಂತರ ಮಗ ಮುಂದುವರಿಯುತ್ತಾನೆ, ಕಾರ್ಮಿಕನ ಮಗಳು ಊರಿಗೆ ಮರಳುತ್ತಾಳೆ.

ಆದ್ದರಿಂದ ನಮ್ಮ ಒತ್ತಾಯ ಇಷ್ಟು: ಭಾಷೆ ಕಲಿಯುವ ದಿನದಿಂದ ಪ್ರಬಂಧ ಮುಗಿಯುವವರೆಗೆ ಕಡಿಯದ ಸಾರ್ವಜನಿಕ ಹಣ ಸಿಗಬೇಕು. ವಿಷಯವನ್ನು ವಿದ್ವಾಂಸರು ಆರಿಸಲಿ, ರಕ್ಷಣಾ ಇಲಾಖೆಯೂ ಬೇಡ, ಪರದೇಶದ ದಾನಿಯೂ ಬೇಡ. ಬಡವರ ಮಕ್ಕಳಿಗೆ ಮೊದಲ ಪಾಲು ಸಲ್ಲಲಿ. ನೆರೆಯವನನ್ನು ಅರಿಯುವ ವಿದ್ಯೆ ನಮ್ಮ ಹಕ್ಕು. ಅದನ್ನು ಆಳುವವರ ಲಹರಿಗೆ ಬಿಡಕೂಡದು.