ನಾಲ್ಕಡಿ ಮಣ್ಣು ಬಿಡಿ

ವಾಸ್ತುಶಾಂತಿಗೆ ಕರೆದಲ್ಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅಂಗಳಕ್ಕೆ. ಲಕ್ಷ್ಮೇಶ್ವರದಲ್ಲಿರಲಿ, ನಮ್ಮ ಅಡರಕಟ್ಟಿಯಲ್ಲಿರಲಿ, ಈಗೀಗ ಒಂದೇ ನೋಟ: ಗೇಟಿನಿಂದ ಹೊಸ್ತಿಲವರೆಗೆ ಸಿಮೆಂಟು, ಮೂಲೆಯಲ್ಲಿ ಪ್ಲಾಸ್ಟಿಕ್ ಕುಂಡದಲ್ಲೊಂದು ಕ್ರೋಟನ್. ದೇವರಿಗೆ ನಾಲ್ಕು ಹೂ ಬೇಕೆಂದರೂ ಸಂತೆಗೆ ಹೋಗಬೇಕು. ಇದನ್ನು ಸುಧಾರಣೆ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ನಾಲ್ಕಡಿ ಮಣ್ಣು ಬಿಟ್ಟು ಒಂದು ನಂದಿಬಟ್ಟಲು ಹಚ್ಚಿರೆಂದರೆ ಉತ್ತರ ಸಿದ್ಧವಿರುತ್ತದೆ. "ಅಕ್ಕಾರ, ಬೇರು ಪಾಯಾ ಒಡೀತಾವ್ರಿ. ಹಾವು ಬರ್ತಾವ್ರಿ."

ನಂದಿಬಟ್ಟಲೇನು ಆಲದ ಮರವೇ? ಆರೆಂಟು ಅಡಿ ಬೆಳೆಯುವ ಪೊದೆ. ನಮ್ಮ ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಗೋಡೆ ಸೀಳುವುದು ಹೆಚ್ಚಾಗಿ ಅದಕ್ಕೇ. ಗೋಡೆಯಿಂದ ಐದಡಿ ದೂರ ಹಚ್ಚಿದರೆ ಅಂಜಿಕೆ ಬೇಡ. ಹಾವು ಬರುವುದು ಇಲಿ, ಕಪ್ಪೆ ಹುಡುಕಿಕೊಂಡು. ಗಿಡದ ಬುಡ ಹಸನಾಗಿಡಿ, ಹಿತ್ತಲಲ್ಲಿ ಒಟ್ಟಿದ ಹಳೇ ಹಂಚು, ಕಟ್ಟಿಗೆ ಮೊದಲು ತೆಗೆಸಿ.

ಲೆಕ್ಕವನ್ನೂ ಹೇಳುತ್ತೇನೆ. 200 ಚದರಡಿ ಅಂಗಳದ ಮೇಲೆ ಒಂದಿಂಚು ಮಳೆ ಬಿದ್ದರೆ ಸುಮಾರು 470 ಲೀಟರ್ ನೀರು. ಸಿಮೆಂಟು ಅಷ್ಟನ್ನೂ ಗಟಾರಕ್ಕೆ ಕಳಿಸುತ್ತದೆ. ಆಮೇಲೆ ನಳದ ಮುಂದೆ ಕೊಡ ಸಾಲಿಡುವವರು ಯಾರು? ನಾವೇ.

ಗಣಿಯ ವಿರುದ್ಧ ನಮ್ಮ ಜಿಲ್ಲೆ ಹೋರಾಡಿತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಗುಡ್ಡದ ಔಷಧಿ ಗಿಡಗಳ ಮೇಲೆ ಮಕ್ಕಳಿಂದ ಪ್ರಬಂಧ ಬರೆಸುತ್ತೇವೆ. ಬರೆದ ಮಗುವಿಗೆ ಮನೆಯಲ್ಲಿ ಮುಟ್ಟಿ ನೋಡಲು ಒಂದು ಗಿಡವಿಲ್ಲ!

ಖರ್ಚೂ ದೊಡ್ಡದಲ್ಲ. ಮಳೆ ಹಿಡಿದಾಗ ನೆರೆಮನೆಯಿಂದ ಪೆನ್ಸಿಲ್ ದಪ್ಪದ ಟೊಂಗೆ ಬೇಡಿ ತನ್ನಿ. ಎರಡಡಿ ತೆಗ್ಗು, ಎರಿ ಮಣ್ಣಾದರೆ ನೀರು ನಿಲ್ಲದಂತೆ ಒಂದಿಷ್ಟು ಮರಳು, ಒಂದು ಬುಟ್ಟಿ ತಿಪ್ಪೆಗೊಬ್ಬರ. ಬೇರು ಬಿಟ್ಟ ಮೇಲೆ ಅಕ್ಕಿ, ಕಾಯಿಪಲ್ಲೆ ತೊಳೆದ ನೀರು ಹಾಕಿದರಾಯಿತು. ಬಾಲದಲ್ಲಿ ಕೊಂಬಿರುವ ಹಸಿರು ಹುಳು ಎಲೆ ತಿಂದರೆ ವಿಷ ಹೊಡೆಯಬೇಡಿ. ಅದು ನಾಳೆ ಪತಂಗವಾಗುವ ಜೀವ. ಟೊಂಗೆ ಮುರಿದಾಗ ಬರುವ ಹಾಲು ಕಣ್ಣಿಗೆ ತಾಗದಿರಲಿ. ಕಣಗಿಲ ಮಾತ್ರ ಸಣ್ಣ ಮಕ್ಕಳು, ಆಡುಗಳಿರುವ ಮನೆಗೆ ಬೇಡ. ಅದು ಪೂರಾ ವಿಷ.

ಅಕ್ಕಂದಿರೇ, ನನ್ನ ಸಿಟ್ಟು ಬರಿ ಸಿಮೆಂಟಿನ ಮೇಲಲ್ಲ. ನಕ್ಷೆ ಹಾಕುವಾಗ ಗಂಡಸರು ಬೈಕಿಗೆಷ್ಟು, ಕಾರಿಗೆಷ್ಟು ಎಂದು ಅಳೆಯುತ್ತಾರೆ. ದಿನಾ ಅಂಗಳ ಗುಡಿಸಿ ರಂಗೋಲಿ ಹಾಕುವವಳನ್ನು, ಅಲ್ಲೇ ಕುಳಿತು ಕಾಳು ಹಸನು ಮಾಡುವವಳನ್ನು ಯಾರೂ ಕೇಳುವುದಿಲ್ಲ. ನಾವೂ "ಎಲೆ ಗುಡಿಸೋದು ತಪ್ಪಿತು" ಎಂದು ಸುಮ್ಮನಾಗುತ್ತೇವೆ. ಏಪ್ರಿಲ್ ಬಿಸಿಲಿಗೆ ಆ ಸಿಮೆಂಟು ಹೆಂಚಿನಂತೆ ಕಾಯ್ದಾಗ ಬರಿಗಾಲಲ್ಲಿ ತುಳಿಯುವವರು ಯಾರು? ಮತ್ತೆ ನಾವೇ.

ಗೌಂಡಿ ದಾರ ಹಿಡಿದ ದಿನವೇ ಎದುರು ನಿಂತು, "ಇಷ್ಟು ಜಾಗ ನನ್ನದು" ಎಂದು ಹೇಳಿ. ಕಾಂಕ್ರೀಟು ಬಿದ್ದ ಮೇಲೆ ನಮ್ಮ ಮಾತಿಗೆ ಬೆಲೆಯಿಲ್ಲ.