ಸಬ್ಸಿಡಿ ಇದ್ದಲ್ಲಿ ಶೆಡ್ಡು?

ಪ್ರಶ್ನೆ: ಸಣ್ಣ ಉದ್ದಿಮೆದಾರ ಸರ್ಕಾರದ ರಿಯಾಯಿತಿ ನೋಡಿ ಹೊಸ ಘಟಕಕ್ಕೆ ಜಾಗ ಗೊತ್ತುಮಾಡುವುದು ಸರಿಯೇ?

ಪರ

ಗೊತ್ತುಮಾಡುವುದು ಅವನ ಕೈಯಲ್ಲಿದ್ದರೆ ತಾನೇ? ಹಿಮಾಚಲದಲ್ಲಿ ಔಷಧಿ ಕಾರ್ಖಾನೆಗಳು ತುಂಬಿದ ಬದ್ದಿಯನ್ನು ನೋಡಿ. 2003ರಲ್ಲಿ ಕೇಂದ್ರ ಸರ್ಕಾರ ಹಿಮಾಚಲ, ಉತ್ತರಾಖಂಡಗಳ ಗೊತ್ತಾದ ಪ್ರದೇಶಗಳಲ್ಲಿ ಹೊಸ ಕಾರ್ಖಾನೆಗಳಿಗೆ 10 ವರ್ಷ ಎಕ್ಸೈಸ್ ಸುಂಕ ಬಿಟ್ಟುಕೊಟ್ಟಿತು, ಮೊದಲ 5 ವರ್ಷ ಆದಾಯ ತೆರಿಗೆಯೂ ಇಲ್ಲ. 2005ರಲ್ಲಿ ಔಷಧಿಯ ಸುಂಕವನ್ನು ಕಾರ್ಖಾನೆಯ ಬೆಲೆ ಬಿಟ್ಟು ಎಂಆರ್‌ಪಿ ಮೇಲೆ ಹಾಕತೊಡಗಿದರು. ಅದರಲ್ಲಿ ಶೇ 40 ಕಳೆದು, ಉಳಿದದ್ದಕ್ಕೆ ಶೇ 16. ಅಂದರೆ 100 ರೂಪಾಯಿ ಎಂದು ಅಚ್ಚಾದ ಮಾತ್ರೆ ಸ್ಟ್ರಿಪ್ಪಿಗೆ, ಸೆಸ್ ಬಿಟ್ಟು, 9 ರೂಪಾಯಿ 60 ಪೈಸೆ. ಅದನ್ನು ಮಾಡಿಕೊಡುವ ಸಣ್ಣವನಿಗೆ ಸಿಗುವುದು 15 ರೂಪಾಯಿ ಎಂದಿಟ್ಟುಕೊಳ್ಳಿ. ಬದ್ದಿಯಲ್ಲಿ ಮಾಡಿಸಿದರೆ ಆ ಸುಂಕವೇ ಇಲ್ಲ. ಬ್ರ್ಯಾಂಡಿನ ಯಜಮಾನ ಆರ್ಡರನ್ನು ಯಾರಿಗೆ ಕೊಟ್ಟಾನು? ಗಿರಾಕಿ ಬೆಟ್ಟ ಹತ್ತಿದ, ಸಣ್ಣ ಕಂಪನಿಯೂ ಬೆನ್ನಿಗೆ ಹತ್ತಿತು.

ವಿರೋಧ

ಸುಂಕ ಮಾಫಿಯಾದರೆ ಬಿಲ್ ಬರೆದ ದಿನವೇ ದುಡ್ಡು ಉಳಿಯುತ್ತದೆ. ಬಂಡವಾಳದ ಸಬ್ಸಿಡಿ ಹಾಗಲ್ಲ. ಸಾಮಾನ್ಯವಾಗಿ ಮೊದಲು ಶೆಡ್ ಕಟ್ಟಬೇಕು, ಮೆಷಿನ್ ಕೂರಿಸಬೇಕು, ಉತ್ಪಾದನೆ ಶುರುವಾಗಬೇಕು, ಆಮೇಲೆ ಕ್ಲೇಮು. ಅದು ಬರುವ ತನಕ ಬ್ಯಾಂಕಿನವರು ಕಂತು ಬಿಡುತ್ತಾರೆಯೇ?

ಬದ್ದಿಯವರಿಗೂ ಕೊನೆಗೆ ಇದೇ ಪಾಡು. 2017ರಲ್ಲಿ ಜಿಎಸ್‌ಟಿ ಬಂತು, ಎಕ್ಸೈಸ್ ಮಾಫಿ ಹೋಯಿತು. ಅವಧಿ ಉಳಿದಿದ್ದವರು ತೆರಿಗೆಯನ್ನು ಮೊದಲು ಕಟ್ಟಬೇಕಾಯಿತು. ನಗದಾಗಿ ಕಟ್ಟಿದ ಕೇಂದ್ರದ ಪಾಲಿನಲ್ಲಿ ಶೇ 58 ಮಾತ್ರ ವಾಪಸ್. 10 ವರ್ಷ ಪೂರ್ತಿ ಮಾಫಿ ಎಂದು ನಂಬಿ ಸಾಲ ಮಾಡಿದವನ ಲೆಕ್ಕ ಏನಾದೀತು, ನೀವೇ ಹೇಳಿ.

ಇನ್ನು ನಮ್ಮ ಬೆಂಗಳೂರಿನ ಪೀಣ್ಯ. ಮಿಲ್ಲಿಂಗ್ ಒಂದು ಗಲ್ಲಿಯಲ್ಲಿ, ಹೀಟ್ ಟ್ರೀಟ್‌ಮೆಂಟ್ ಇನ್ನೊಂದರಲ್ಲಿ, ಪ್ಲೇಟಿಂಗ್ ಅದರಾಚೆ. ಬೆಳಿಗ್ಗೆ ಗೂಡ್ಸ್ ಆಟೊಗೆ ಹಾಕಿದ ಪೀಸು ಕೆಲಸ ಮುಗಿಸಿಕೊಂಡು ಬೇಗ ತಿರುಗಿ ಬರುತ್ತದೆ. ಬೆಂಗಳೂರು ಬಿಟ್ಟು ಹಿಂದುಳಿದ ತಾಲ್ಲೂಕಿಗೆ ಹೋದರೆ ರಾಜ್ಯದ ಕೈಗಾರಿಕಾ ನೀತಿಯಲ್ಲಿ ನೆರವು ಜಾಸ್ತಿ, ಒಪ್ಪೋಣ. ಆ ಗಲ್ಲಿಗಳನ್ನು ಯಾವ ನೀತಿ ಕೊಡುತ್ತದೆ?

ಪರ, ಮತ್ತೊಂದು ಮಾತು

ಪೀಣ್ಯದ ಗಲ್ಲಿಗಳೂ ತಾವಾಗಿ ಹುಟ್ಟಿದವಲ್ಲ. ಸರ್ಕಾರ ಪ್ಲಾಟು ಮಾಡಿ ಹಂಚಿದ ನೆಲವದು. ಬೆಂಗಳೂರಿಗೆ 40 ಕಿ.ಮೀ. ದೂರದ ಹೊಸೂರನ್ನು ಬೆಳೆಸಿದ್ದೂ ತಮಿಳುನಾಡು ಸರ್ಕಾರದ ಕೈಗಾರಿಕಾ ನಿಗಮ ಸಿಪ್ಕಾಟ್ ಕೊಟ್ಟ ಜಾಗವೇ. ಮಾಫಿ ಮುಗಿದರೂ ಬದ್ದಿ ಖಾಲಿಯಾಗಲಿಲ್ಲ, ಮಾತ್ರೆ ಮಾಡುವುದರಲ್ಲಿ ಇವತ್ತಿಗೂ ದೇಶದ ದೊಡ್ಡ ಊರುಗಳಲ್ಲೊಂದು. ಮೊದಲು ಹೋದವನು ಪಾಡುಪಡುತ್ತಾನೆ, ಸುಳ್ಳಲ್ಲ.

ವಿರೋಧ, ಅದಕ್ಕೆ ಉತ್ತರ

ಆ ಮೊದಲು ಹೋದವನ ಬಗ್ಗೆಯೇ ನಾವು ಮಾತಾಡುತ್ತಿರುವುದು. ಊರು ಉಳಿದೀತು, ಅವನು ಉಳಿಯಬೇಕಲ್ಲ. 2021ರಲ್ಲಿ ಜಮ್ಮು–ಕಾಶ್ಮೀರಕ್ಕೆ ಕಾರ್ಖಾನೆಗಳಿಗೆ ನೆರವು ಕೊಡುವ 28,400 ಕೋಟಿ ರೂಪಾಯಿಯ ಹೊಸ ಯೋಜನೆ ಬಂತು. ಬದ್ದಿಯ ಶೆಡ್ಡಿನ ಸಾಲ ತೀರಿಸಿದವನನ್ನು ಗಿರಾಕಿ ಆಗ ಇನ್ನೂ ಮೇಲಿನ ಬೆಟ್ಟಕ್ಕೆ ಕರೆದ.