ಮಾಗುವುದು ದೋಷವೆ?

ಕಳೆದ ತಿಂಗಳು ನಮ್ಮ ಸಂಘದ ಸಭೆಯಲ್ಲಿ ಉಪನ್ಯಾಸ ಮಾಡಿದ ತರುಣ ಮಿತ್ರರೊಬ್ಬರು, ಶ್ರೀನಿವಾಸಪುರದ ತೋಟದಲ್ಲಿ ಇಂದು ಕೊಯ್ದ ಮಾವು ನಾಳಿದ್ದು ಲಂಡನ್ ನಗರದ ಊಟದ ಮೇಜಿನ ಮೇಲಿರುವುದೆಂದೂ, ದೇವನಹಳ್ಳಿಯ ವಿಮಾನನಿಲ್ದಾಣದಿಂದ ಹಣ್ಣು, ತರಕಾರಿ, ಹೂವುಗಳು ಪರದೇಶಗಳಿಗೆ ಹಾರಿಹೋಗುತ್ತಿರುವುದರಿಂದ ನಮ್ಮ ಜಿಲ್ಲೆಯ ರೈತನ ದಾರಿದ್ರ್ಯ ತೀರಿದಂತೆಯೇ ಎಂದೂ ಬಹಳ ಉತ್ಸಾಹದಿಂದ ಪ್ರತಿಪಾದಿಸಿದರು. ಪುಷ್ಪಕವಿಮಾನದ ಹೋಲಿಕೆಯೂ ಬಂದಿತು; ಸಭೆ ಕೈತಟ್ಟಿತು. ನಾನೂ ತಟ್ಟಿದೆನು. ಮನೆಗೆ ಬಂದಮೇಲೆ ಆ ಚಪ್ಪಾಳೆಯಲ್ಲಿ ನನ್ನ ಪಾಲನ್ನು ಹಿಂದಕ್ಕೆ ಪಡೆಯಬೇಕೆಂದು ತೋರಿತು. ಈ ಲೇಖನ ಅದಕ್ಕಾಗಿ.

ವಿಮಾನವನ್ನು ಕಂಡರಾಗದ ಮುದುಕರ ಪಂಕ್ತಿಗೆ ನನ್ನನ್ನು ಸೇರಿಸಬಾರದೆಂದು ಮೊದಲೇ ವಿಜ್ಞಾಪಿಸಿಕೊಳ್ಳುತ್ತೇನೆ. 18 ವರ್ಷ ಮುಚ್ಚಿದ್ದ ಅಮೆರಿಕದ ಬಾಗಿಲು ನಮ್ಮ ಮಾವಿಗೆ 2007ರಲ್ಲಿ ತೆರೆದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಹಣ್ಣುನೊಣ ಕಂಡಿತೆಂದು 2014ರ ಮೇ ತಿಂಗಳಿನಲ್ಲಿ ಯೂರೋಪಿನ ಒಕ್ಕೂಟವು ನಮ್ಮ ಮಾವನ್ನೂ, ಅದರೊಡನೆ ಬದನೆ, ಹಾಗಲ, ಪಡವಲ, ಕೆಸುವುಗಳನ್ನೂ ನಿಷೇಧಿಸಿದಾಗ ವ್ಯಸನಪಟ್ಟವರಲ್ಲಿಯೂ ಒಬ್ಬ. ಆದರೆ ದಾರಿದ್ರ್ಯ ತೀರಿತೆಂಬ ಮಾತನ್ನು ಮಾತ್ರ ಒಪ್ಪಲಾರೆ. ನಮ್ಮ ಕಡೆಯ ಫಸಲಿನಲ್ಲಿ ದೊಡ್ಡ ಪಾಲು ತೋತಾಪುರಿ. ಅದು ತಿರುಳಿನ ಕಾರ್ಖಾನೆಗೆ ಹೋಗುವ ಹಣ್ಣು, ವಿಮಾನದ ಮುಖವನ್ನೇ ಕಾಣದು. 2025ರ ಜೂನ್ ತಿಂಗಳಿನಲ್ಲಿ ನೆರೆಯ ಚಿತ್ತೂರು ಜಿಲ್ಲೆಯ ಆಡಳಿತ ಹೊರರಾಜ್ಯದ ತೋತಾಪುರಿಗೆ ಪ್ರವೇಶವಿಲ್ಲವೆಂದು ಆಜ್ಞೆ ಹೊರಡಿಸಿದಾಗ, ಸಮುದ್ರಗಳನ್ನು ದಾಟುವ ಕೀರ್ತಿಯುಳ್ಳ ನಮ್ಮ ಮಾವು ಪಕ್ಕದ ಗಡಿಯನ್ನು ದಾಟಲಾರದೆ ಲಾರಿಗಳಲ್ಲಿ ನಿಂತಿತು. ಉಪನ್ಯಾಸಕರು ಇದನ್ನು ಮರೆತಿದ್ದರೆಂದು ಕಾಣುತ್ತದೆ.

ಅದು ಹಾಗಿರಲಿ. ನನ್ನ ತಕರಾರು ವಿಮಾನವೇರುವ ಹಣ್ಣಿನದು. ಅದರಲ್ಲಿಯೂ ಒಂದು ಶಬ್ದಕ್ಕೆ ಸಂಬಂಧಪಟ್ಟದ್ದು.

ನನ್ನ ತಂಗಿಯ ಮಗನಿಗೆ ಎಂಟೆಕರೆ ಮಾವಿನ ತೋಟವಿದೆ. ಮೂರು ವರ್ಷಗಳ ಕೆಳಗೆ ಅವನು ಮೂರು ಮೂರು ಕಿಲೋಗ್ರಾಮಿನ 200 ಪೆಟ್ಟಿಗೆ ಬಾದಾಮಿ ಹಣ್ಣನ್ನು ರಫ್ತುದಾರರೊಬ್ಬರ ಮೂಲಕ ದುಬಾಯಿಗೆ ಕಳುಹಿಸಿದನು. ಕ್ರಯ ಅಲ್ಲಿ ಮಾರಿದ ಮೇಲೆ ಎಂಬ ಕರಾರು. ಇಪ್ಪತ್ತು ದಿನ ಕಳೆದಮೇಲೆ ಬಂದದ್ದು ಹಣವಲ್ಲ, ಒಂದು ಕಾಗದ: ಸರಕಿನಲ್ಲಿ ಬಹುಭಾಗ ಕೆಟ್ಟಿತ್ತು, ಕಾರಣ ‘ಇನ್‌ಹೆರೆಂಟ್ ವೈಸ್’, ಆದುದರಿಂದ ಸಾಗಿಸಿದವರ ಮೇಲೆ ಹೊಣೆಯಿಲ್ಲ. ಹುಡುಗ ಕಾಗದವನ್ನು ಹಿಡಿದುಕೊಂಡು ನನ್ನಲ್ಲಿಗೆ ಬಂದು, “ಮಾವ, ಈ ಎರಡು ಮಾತಿಗೆ ಅರ್ಥವೇನು?” ಎಂದು ಕೇಳಿದನು. ನಿಘಂಟನ್ನು ತೆರೆದು ನೋಡಿ, “ಹುಟ್ಟಿನೊಡನೆ ಬಂದ ದೋಷ” ಎಂದೆನು. “ನನ್ನ ಹಣ್ಣಿನಲ್ಲಿ ಯಾವ ದೋಷವಿತ್ತು? ಆರಿಸಿ ಆರಿಸಿ ತುಂಬಿದ್ದೆನಲ್ಲ!” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ.

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿದವರಿಗೆ ಪಾಕಜವೆಂಬ ವಿಚಾರ ನೆನಪಿರಬಹುದು. ಪೃಥಿವಿಯಲ್ಲಿನ ರೂಪ, ರಸ, ಗಂಧ, ಸ್ಪರ್ಶಗಳು ಪಾಕದಿಂದ ಹುಟ್ಟತಕ್ಕವು. ಪಾಕವೆಂದರೆ ತೇಜಸ್ಸಿನ ಸಂಯೋಗ. ಹಸುರು ಹಳದಿಯಾಗುವುದೂ, ಹುಳಿ ಸಿಹಿಯಾಗುವುದೂ ಈ ಕ್ರಮದಲ್ಲಿಯೇ. ಪಾಕ ನಡೆಯುವುದು ಪರಮಾಣುವಿನಲ್ಲಿಯೋ ಇಡಿಯ ವಸ್ತುವಿನಲ್ಲಿಯೋ ಎಂದು ವೈಶೇಷಿಕರೂ ನೈಯಾಯಿಕರೂ ಬಹುಕಾಲ ಹೋರಾಡಿದರು; (ಆ ಜಗಳವನ್ನು ಒಪ್ಪಿಸಲಾರದೆ ನಾನು ಬೆತ್ತದ ಏಟು ತಿಂದದ್ದುಂಟು.) ಆದರೆ ತೇಜಸ್ಸಿನ ಸಂಯೋಗವಿಲ್ಲದೆ ಪಾಕವಿಲ್ಲವೆಂಬುದರಲ್ಲಿ ಇಬ್ಬರಿಗೂ ಭೇದವಿಲ್ಲ. ಈಗಿನ ಶಾಸ್ತ್ರಜ್ಞರೂ ಬೇರೆ ದಾರಿಯಿಂದ ಇಲ್ಲಿಗೇ ಬರುತ್ತಾರೆ: ಕೊಯ್ದ ಹಣ್ಣು ಉಸಿರಾಡುತ್ತಲೇ ಇರುತ್ತದೆ, ಉಷ್ಣತೆ ಹತ್ತು ಡಿಗ್ರಿ ಏರಿದರೆ ಆ ಉಸಿರು ಎರಡರಿಂದ ಮೂರು ಪಾಲು ತೀವ್ರವಾಗುತ್ತದೆ. ಸುಮಾರು 13 ಡಿಗ್ರಿಯಲ್ಲಿ ಇಟ್ಟ ಬಲಿತ ಮಾವು ಎರಡು ವಾರವಾದರೂ ತಾಳುತ್ತದೆ. ಹಾಗೆಂದು ಇನ್ನೂ ತಣ್ಣಗೆ ಇಡುವಂತಿಲ್ಲ. ಬಹಳ ತಂಪಾದರೆ ಸಿಪ್ಪೆ ಕಪ್ಪಾಗಿ, ಹಣ್ಣು ಮಾಗುವುದನ್ನೇ ಮರೆಯುತ್ತದೆ. ಗುಲಾಬಿಗೆ ಹಿತವಾದ ಶೈತ್ಯ ಮಾವಿಗೆ ಮೃತ್ಯು.

ಬೆಂಗಳೂರಿನಿಂದ ದುಬಾಯಿಗೆ ಆಕಾಶದಲ್ಲಿ ನಾಲ್ಕು ಗಂಟೆಯ ದಾರಿ. ನಾಲ್ಕು ಗಂಟೆಯಲ್ಲಿ ಮಾವು ಕೊಳೆಯುವುದಿಲ್ಲ. ಅಪಾಯವಿರುವುದು ನೆಲದ ಮೇಲೆ: ತಂಪುಕೋಣೆಯಿಂದ ಹೊರಟು ವಿಮಾನದ ಹೊಟ್ಟೆ ಸೇರುವ ನಡುವೆ, ಇಳಿದಮೇಲೆ ಸುಂಕದವರ ಮುದ್ರೆ ಬೀಳುವ ನಡುವೆ, ಬಿಸಿಲಿನಲ್ಲಿ ಕಾದ ಅಲ್ಯೂಮಿನಿಯಂ ಗೂಡಿನೊಳಗೆ. ಆ ಬಿಸಿಲಿನಲ್ಲಿ ಹಣ್ಣನ್ನು ನಿಲ್ಲಿಸಿದವರು ಯಾರು? ಹಣ್ಣು ಸಮವಾಯಿಕಾರಣವಾದರೆ ಉಷ್ಣಸಂಯೋಗವನ್ನು ಒದಗಿಸಿದವರು ನಿಮಿತ್ತಕಾರಣ. ಮಡಕೆ ಒಡೆದದ್ದು ಮಣ್ಣಿನ ಸ್ವಭಾವದಿಂದ, ನನ್ನ ಕೈಯ ದೊಣ್ಣೆಯಿಂದಲ್ಲ ಎಂದು ಹೇಳುವವನನ್ನು ನಮ್ಮ ಪಂಡಿತರು ವಾದಸಭೆಯಿಂದ ಎಬ್ಬಿಸಿ ಕಳುಹಿಸುತ್ತಿದ್ದರು.

ಕಾನೂನು ಏನು ಹೇಳುತ್ತದೆಂದು ವಕೀಲ ಶಿಷ್ಯನೊಬ್ಬನಿಂದ ಪುಸ್ತಕ ತರಿಸಿ ನೋಡಿದೆನು. 1999ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಆದ ಒಡಂಬಡಿಕೆಗೆ ನಮ್ಮ ದೇಶ 2009ರಲ್ಲಿ ಸೇರಿ, 1972ರ ನಮ್ಮ ಕಾಯಿದೆಗೆ ಅದನ್ನು ಅನುಸೂಚಿಯಾಗಿ ಜೋಡಿಸಿಕೊಂಡಿದೆ. ಅದರ 18ನೆಯ ವಿಧಿಯಲ್ಲಿ ಈ ಮಾತಿದೆ ನಿಜ. ಆದರೆ ಅಲ್ಲಿರುವುದು ಒಂದು ಪದವಲ್ಲ, ಮೂರು: ಡಿಫೆಕ್ಟ್, ಕ್ವಾಲಿಟಿ, ವೈಸ್, ಎಂದರೆ ಕೊರತೆ, ಗುಣ, ದೋಷ. ಮಾಗುವುದು ಇವುಗಳಲ್ಲಿ ನಡುವಿನದು. ಕಾಗದ ಬರೆದ ಮಹಾಶಯರು ಬೈಗುಳದಂತಿರುವ ಮೂರನೆಯದನ್ನೇ ಆರಿಸಿಕೊಂಡರು. ಇದಕ್ಕಿಂತ ಮುಖ್ಯವಾದದ್ದು ಮತ್ತೊಂದು. ಹಾನಿ ಈ ಕಾರಣದಿಂದ ಆಯಿತೆಂದು ಸಾಗಿಸುವವನು ತಾನೇ ಸಿದ್ಧಪಡಿಸಬೇಕು. ಸಿದ್ಧಪಡಿಸಿದಷ್ಟರ ಮಟ್ಟಿಗೆ ಮಾತ್ರ ಅವನಿಗೆ ಬಿಡುಗಡೆ. ಪ್ರಮಾಣದ ಭಾರ ಅವನ ಹೆಗಲಿನ ಮೇಲಿದೆ! ನಾವಾದರೋ ಒಂದು ಸಾಲಿನ ಕಾಗದವನ್ನೇ ತೀರ್ಪೆಂದು ತಿಳಿದು ತಲೆಬಾಗುತ್ತೇವೆ. ಪರಿಹಾರದ ಮಿತಿಯೇನೂ ಸಣ್ಣದಲ್ಲ. ಅದು ಕಿಲೋಗ್ರಾಮಿಗೆ ಸಾವಿರಾರು ರೂಪಾಯಿಗಳಾಗುತ್ತದೆ, ಯಾವ ಬಾದಾಮಿಗೂ ಅಷ್ಟು ಬೆಲೆಯಿಲ್ಲ. ಆದರೆ ಸರಕು ಕೈಸೇರಿದ 14 ದಿನಗಳೊಳಗೆ ದೂರನ್ನು ಬರಹದಲ್ಲಿ ಕೊಡದಿದ್ದರೆ ವ್ಯಾಜ್ಯದ ಬಾಗಿಲು ಮುಚ್ಚಿದಂತೆ. ನನ್ನ ಸೋದರಳಿಯನಿಗೆ ಸುದ್ದಿ ಮುಟ್ಟಿದ್ದು ಇಪ್ಪತ್ತನೆಯ ದಿನ. ವಿಮಾನದ ರವಾನೆಪತ್ರದಲ್ಲಿ ಅವನ ಹೆಸರೂ ಇರಲಿಲ್ಲ, ಇದ್ದದ್ದು ರಫ್ತುದಾರರದು. ದೂರು ಕೊಡಬೇಕಾಗಿದ್ದವರಿಗೆ ನಷ್ಟವಿಲ್ಲ. ನಷ್ಟವಾದವನಿಗೆ ದೂರು ಕೊಡುವ ಅಧಿಕಾರವಿಲ್ಲ.

ಹೆಪ್ಪುಗಟ್ಟಿಸಿದ ಆಹಾರದ ವಿಷಯ ಇನ್ನೂ ವಿಚಿತ್ರ. ಒಣಮಂಜನ್ನು ಸುತ್ತ ಇಟ್ಟು ಕಳುಹಿಸುತ್ತಾರೆ. ಅದು ಇಂಗಾಲಾಮ್ಲ ವಾಯುವಿನ ಘನರೂಪ, ಸೊನ್ನೆಗಿಂತ 78 ಡಿಗ್ರಿ ಕೆಳಗಿನದು, ನೀರಾಗದೆ ನೇರವಾಗಿ ಆವಿಯಾಗುತ್ತದೆ. ಮುಚ್ಚಿದ ವಿಮಾನದಲ್ಲಿ ಆ ವಾಯು ಹೆಚ್ಚಿದರೆ ಉಸಿರಾಟಕ್ಕೇ ಅಪಾಯವಾದ್ದರಿಂದ ಎಷ್ಟು ಒಯ್ಯಬಹುದೆಂಬುದಕ್ಕೆ ಕಟ್ಟುಪಾಡುಗಳುಂಟು. ದಾರಿಯಲ್ಲಿ ವಿಳಂಬವಾಗಿ ಮಂಜು ತೀರಿ, ಹೋಳಿಗೆ ಕರಗಿ, ಮುಂದಿನ ತಂಪುಕೋಣೆಯಲ್ಲಿ ಮತ್ತೆ ಗಟ್ಟಿಯಾದರೆ ಹೊರಗಿನಿಂದ ನೋಡುವವನಿಗೆ ಏನೂ ತಿಳಿಯದು. ತಿಂದವನು ಬಯ್ಯುವುದು ಮಾಡಿ ಕಳುಹಿಸಿದ ಗೃಹಿಣಿಯನ್ನು.

ಪೂರ್ವಪಕ್ಷಿಗಳು ಹೇಳಬಹುದು: ಎಲ್ಲ ಹಾನಿಯನ್ನೂ ವಿಮಾನದವರ ಮೇಲೆ ಹೊರಿಸಿದರೆ ಅವರು ಬಾಡಿಗೆ ಏರಿಸುವರು, ಅಥವಾ ಹಣ್ಣನ್ನೇ ಮುಟ್ಟರು. ಎಲ್ಲವನ್ನೂ ಹೊರಿಸಿರೆಂದು ಹೇಳಿದವರಾರು? ಒಳಗೆ ಹುಳುವಿದ್ದರೆ, ಅತಿಯಾಗಿ ಮಾಗಿದ್ದನ್ನು ತುಂಬಿದ್ದರೆ, ತಪ್ಪು ಬೆಳೆದವನದೇ. ಸರ್ಕಾರದ ಅಧಿಕಾರಿಗಳು ತಡೆದರೆ ಅದೂ ಬೇರೆಯ ಮಾತು. 2025ರ ಮೇ ತಿಂಗಳಿನಲ್ಲಿ ಮುಂಬಯಿಯ ಕಡೆಯಿಂದ ಅಮೆರಿಕಕ್ಕೆ ಹೋದ ಸುಮಾರು 15 ರವಾನೆಗಳ ಮಾವು ವಿಕಿರಣಸಂಸ್ಕಾರದ ಕಾಗದದಲ್ಲಿ ಲೋಪವಿದೆಯೆಂದು ತಡೆಯಲ್ಪಟ್ಟು ಅಲ್ಲಿಯೇ ನಾಶವಾದುದನ್ನು ಪತ್ರಿಕೆಗಳಲ್ಲಿ ಓದಿದೆವು. ಅದಕ್ಕೆ ವಿಮಾನದವರೇನು ಮಾಡಿಯಾರು? ನಾನು ಕೇಳುವುದು ಇಷ್ಟು: ಬಿಸಿಲಿನಲ್ಲಿ ನಿಂತ ಹಣ್ಣಿಗೆ ಬಿಸಿಲು ಕಾರಣವೆಂದು ಬರೆಯಿರಿ. ಬಾಡಿಗೆಯ ಮಾತನ್ನಂತೂ ಎತ್ತುವುದೇ ಬೇಡ; ಗಾಳಿಯಾಡಲೆಂದು ಅಗಲವಾಗಿ ಮಾಡಿದ ಪೆಟ್ಟಿಗೆಗೆ 6000 ಘನ ಸೆಂಟಿಮೀಟರಿಗೆ ಒಂದು ಕಿಲೋಗ್ರಾಮಿನಂತೆ ಲೆಕ್ಕಹಾಕಿ, ಒಳಗಿನ ಗಾಳಿಗೂ ಬಾಡಿಗೆ ಎತ್ತುವವರು ಅವರು.

ಉಷ್ಣತೆಯನ್ನು ಗಳಿಗೆಗಳಿಗೆಗೂ ಬರೆದಿಡುವ ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಯಂತ್ರಗಳು ಈಗ ದೊರೆಯುತ್ತವೆ. ಈ ಸಾರಿ ನನ್ನ ಸೋದರಳಿಯ ರಾಶಿಯ ನಡುವಿನ ಒಂದು ಪೆಟ್ಟಿಗೆಯಲ್ಲಿ ಅದನ್ನು ಇಡುವವನಿದ್ದಾನೆ. ಹಣ್ಣು ಇಳಿದ ಮೂರನೆಯ ದಿನವೇ ವರದಿ ಬರಬೇಕೆಂದೂ, ಹಾನಿಯಾಗಿದ್ದರೆ ರಫ್ತುದಾರರೇ ಅವಧಿಯೊಳಗೆ ದೂರು ಕೊಡಬೇಕೆಂದೂ ಕರಾರಿನಲ್ಲಿ ಬರೆಯಿಸಿಕೊಂಡಿದ್ದಾನೆ. ನಾನು ರವಾನೆಪತ್ರದ ಬೆನ್ನಿನ ಮೇಲಿನ ಸಣ್ಣಕ್ಷರದ ನಿಬಂಧನೆಗಳನ್ನು ಕನ್ನಡಿಸಲು ತೊಡಗಿದ್ದೇನೆ. ಅರ್ಧವಾಗಿದೆ. ಮುಂದಿನ ಸಭೆಯಲ್ಲಿ ಅದನ್ನು ಓದಲು ಸಂಘದ ಕಾರ್ಯದರ್ಶಿಗಳು ಒಪ್ಪಿದ್ದಾರೆ. ಇಂಗ್ಲಿಷ್ ಬಲ್ಲ ವಕೀಲರೂ, ಮಾವು ಬಲ್ಲ ರೈತರೂ ದಯಮಾಡಿಸಿ ತಿದ್ದಬೇಕು. ಉಪನ್ಯಾಸಕ ಮಿತ್ರರಿಗೂ ಪ್ರತ್ಯೇಕವಾಗಿ ಕಾಗದ ಬರೆದಿದ್ದೇನೆ. ‘ವೈಸ್’ ಎಂಬುದಕ್ಕೆ ಏನು ಬರೆಯಬೇಕೆಂಬುದು ನನಗಿನ್ನೂ ತೋಚಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.